ಯೋಧ ಸನ್ಯಾಸಿಗಳ ಅಂಗಾಲು

ನಮ್ಮ ಮನೆಯ ಸೋಫಾದ ಹಿಂದೆ ನಾನು ಬರೆದ ಚಿತ್ರಗಳಿವೆ. ಇವೆ ಎನ್ನುವುದಕ್ಕಿಂತ ನಿಂತಿವೆ ಎನ್ನಬೇಕು. ಮಗ್ಗಿ ಬಾರದ ಹುಡುಗರ ಹಾಗೆ, ಗೋಡೆಯ ಕಡೆ ಮುಖ ಮಾಡಿಕೊಂಡು. ಅವುಗಳನ್ನು ತೂಗುಹಾಕಬೇಡಿ ಎಂದು ನನ್ನ ಹೆಂಡತಿ ಸುಮಿತ್ರಾ ಇವತ್ತಿನವರೆಗೆ ಹೇಳಿದವಳಲ್ಲ. "ಬಾಡಿಗೆ ಮನೆ ಅಲ್ವಾ, ಮೊಳೆ ಹೊಡೆಯೋದು ಚೆನ್ನಾಗಿರಲ್ಲ" ಎನ್ನುತ್ತಾಳೆ, ಅಷ್ಟೇ. ಅದೇ ಗೋಡೆಯ ಮೇಲೆ ಅವಳ ಆಫೀಸಿನ ಕ್ಯಾಲೆಂಡರು, ಒಂದು ಗಡಿಯಾರ, ಮೊಂಬಾಸಾದಿಂದ ತಂದ ಮರದ ಜಿರಾಫೆ ಮೂರೂ ಮೊಳೆಯ ಮೇಲೇ ನೇತಾಡುತ್ತಿವೆ. ನಾನು ಅದನ್ನು ಎತ್ತಿ ಆಡಿಲ್ಲ. ಸಂಸಾರ ನಿಂತಿರುವುದು ಕೇಳದೆ ಬಿಟ್ಟ ಪ್ರಶ್ನೆಗಳ ಮೇಲೆ ಎಂದು ನಮ್ಮಜ್ಜಿ ಹೇಳುತ್ತಿದ್ದಳು. ಕೇಳಬಾರದ ಪ್ರಶ್ನೆಗಳನ್ನೆಲ್ಲ ತಾನೇ ಕೇಳಿ ಮುಗಿಸಿದ ಮೇಲೆ.

ವಾರವಿಡೀ ನಾನು ನೈರೋಬಿಯ ಇಂಡಸ್ಟ್ರಿಯಲ್ ಏರಿಯಾದ ಕಾರ್ಖಾನೆಯೊಂದರಲ್ಲಿ ರಟ್ಟಿನ ಪೆಟ್ಟಿಗೆ ಮಾಡಿಸುವವನು. ನಾನು ಮಾಡಿಸಿದ ಪೆಟ್ಟಿಗೆಗಳು ಕೆನ್ಯಾದ ತುಂಬ ಓಡಾಡುತ್ತವೆ, ಯಾರೂ ಅವುಗಳ ಮುಖ ನೋಡುವುದಿಲ್ಲ. ಒಳಗಿನ ಸಾಬೂನು ತೆಗೆದುಕೊಂಡು ಪೆಟ್ಟಿಗೆಯನ್ನು ಎಸೆಯುತ್ತಾರೆ. ಆದ್ದರಿಂದ, ನನ್ನ ಕೈಯಿಂದ ಆದ ಒಂದು ವಸ್ತು ಯಾರದಾದರೂ ಗೋಡೆಯ ಮೇಲೆ ನಿಂತು ನಾಲ್ಕು ಜನರ ಕಣ್ಣಿಗೆ ಬೀಳಬೇಕು ಎಂಬ ಆಸೆ ನನಗೆ ಐವತ್ತು ದಾಟಿದ ಮೇಲೆ ಶುರುವಾಯಿತು. ಕೆಲವರಿಗೆ ಈ ವಯಸ್ಸಿನಲ್ಲಿ ಸಕ್ಕರೆ ಕಾಯಿಲೆ ಶುರುವಾಗುತ್ತದೆ. ಎರಡಕ್ಕೂ ಮದ್ದಿಲ್ಲ, ಪಥ್ಯ ಮಾತ್ರ.

ಅಂಥ ಸಮಯದಲ್ಲಿ ಫಾದರ್ ವಿಕ್ಟರ್ ಬಂದರು. ನಮ್ಮ ಸೌತ್ ಬಿ ಬಡಾವಣೆಯ ಚರ್ಚಿನ ಪಾದ್ರಿಗಳು, ಊರು ಮಂಗಳೂರಿನ ಕಡೆ. ಅವರು ಪ್ರಾರ್ಥಿಸುವುದು ಇಂಗ್ಲಿಷ್ ಮತ್ತು ಸ್ವಾಹಿಲಿಯಲ್ಲಿ, ಲೆಕ್ಕ ಹಾಕುವುದು ಕೊಂಕಣಿಯಲ್ಲಿ, ಟ್ರಾಫಿಕ್ಕಿನಲ್ಲಿ ಸಿಟ್ಟು ಮಾಡಿಕೊಳ್ಳುವುದು ತುಳುವಿನಲ್ಲಿ. ಕನ್ನಡ ಮಾತಾಡಬೇಕು ಅನಿಸಿದಾಗ ನಮ್ಮ ಮನೆಗೆ ಬರುತ್ತಾರೆ. ಸುಮಿತ್ರಾಳ ಒಗ್ಗರಣೆ ಅವಲಕ್ಕಿ ತಿನ್ನುತ್ತ ಅವರು ತಮ್ಮ ಕಷ್ಟ ಹೇಳಿಕೊಂಡರು. ಚರ್ಚಿನ ಹೊಸ ಹಾಲಿನಲ್ಲಿ ಬೆಳಿಗ್ಗೆ ಪ್ರಾರ್ಥನಾಕೂಟ, ಸಂಜೆ ಕರಾಟೆ ಕ್ಲಾಸು. ಎರಡು ಕಡೆಯವರಿಗೂ ಆಗಿಬರುವುದಿಲ್ಲ.

"ಪ್ರಾರ್ಥನೆಯವರು ಹೇಳುವುದು, ಗುದ್ದಾಡುವ ಜಾಗದಲ್ಲಿ ದೇವರು ಹೇಗೆ ನಿಲ್ತಾನೆ ಅಂತ. ಕರಾಟೆಯವರು ಹೇಳುವುದು, ಇವರು ಕುರ್ಚಿ ಎತ್ತಿಡುವುದಿಲ್ಲ ಅಂತ. ಎಂತ ಮಾಡುವುದು ಮಾರಾಯ್ರೆ? ಹಿಂದಿನ ಕಾಲದಲ್ಲಿ ಯೂರೋಪಿನ ಕಡೆ ಕತ್ತಿ ಹಿಡಿದು ಯುದ್ಧ ಮಾಡುವ ಕ್ರೈಸ್ತ ಸನ್ಯಾಸಿಗಳು ಇದ್ದರಲ್ಲ, ಅವರು ಪ್ರಾರ್ಥನೆಗೆ ಕೂತ ಒಂದು ದೊಡ್ಡ ಚಿತ್ರ ಗೋಡೆಯಲ್ಲಿ ಇದ್ದರೆ ಇಬ್ಬರ ಬಾಯಿಯೂ ಬಂದ್ ಆಗ್ತದೆ. ನೀವು ಬರೀತೀರಲ್ಲ?"

ಬರೆಯುತ್ತೀರಲ್ಲ ಎಂದು ನನ್ನನ್ನು ಯಾರೂ ಕೇಳಿದ್ದೇ ಇಲ್ಲ. ಬರೆದಿದ್ದೀರಲ್ಲ, ಇದನ್ನೆಲ್ಲಿಡುವುದು ಎಂದೇ ಕೇಳಿದ್ದಾರೆ. ನಾನು ಒಪ್ಪಿಕೊಂಡೆ. ಕತ್ತಿ ಹಿಡಿದ ಸನ್ಯಾಸಿ ನನಗೇನೂ ಹೊಸಬನಲ್ಲ. ನಮ್ಮಲ್ಲಿ ತ್ರಿಶೂಲ ಹಿಡಿದ ಅಖಾಡದ ಬೈರಾಗಿಗಳಿಲ್ಲವೇ? ಎಲ್ಲವನ್ನೂ ಬಿಟ್ಟೆ ಎನ್ನುವವನು ಆಯುಧವನ್ನೊಂದು ಇಟ್ಟುಕೊಂಡಿರುವುದು ಎಲ್ಲ ದೇಶಗಳಲ್ಲೂ ಕಂಡುಬರುವ ಸಂಗತಿ.

"ಒಂದೇ ಒಂದು ತೊಂದರೆ ಉಂಟು," ಎಂದರು ಫಾದರ್, ಎರಡನೆಯ ಸಲ ಅವಲಕ್ಕಿ ಹಾಕಿಸಿಕೊಂಡು. "ಹಾಲ್ ಕಮಿಟಿಯ ಚೇರ್ಮನ್ ನಮ್ಮ ಮ್ವಾಲಿಮು ಮುತುವಾ. ಅವರು ಒಪ್ಪಬೇಕು."

ಮ್ವಾಲಿಮು ಎಂದರೆ ಮೇಷ್ಟ್ರು. ಮುತುವಾ ಅವರು ಬದುಕಿಡೀ ಇತಿಹಾಸ ಕಲಿಸಿ ನಿವೃತ್ತರಾದವರು, ಆದರೆ ಇತಿಹಾಸ ಇನ್ನೂ ಅವರ ಕೈಕೆಳಗೇ ಇದೆ. ಎತ್ತರದ ಆಳು, ಕೋಟು, ಟೈ; ಮಾತು ಮೆಲ್ಲಗೆ. ನನ್ನ ಕೈ ಕುಲುಕಿ ಅವರು ಇಂಗ್ಲಿಷಿನಲ್ಲಿ ಹೇಳಿದ್ದು ಇಷ್ಟೇ: "ಮಿಸ್ಟರ್ ಮೂರ್ತಿ, ಚಿತ್ರ ಚೆನ್ನಾಗಿರದಿದ್ದರೆ ನಾನು ಕ್ಷಮಿಸುತ್ತೇನೆ. ತಪ್ಪಾಗಿದ್ದರೆ ಅದು ಗೋಡೆ ಹತ್ತುವುದಿಲ್ಲ."

ನಾನು ಮೊದಲು ತೆಗೆದುಕೊಂಡು ಹೋದ ಪೆನ್ಸಿಲ್ ಕರಡು, ನಾನೇ ಹೇಳಿಕೊಳ್ಳಬಾರದು, ಭರ್ಜರಿಯಾಗಿತ್ತು. ಕೊಂಬಿನ ಶಿರಸ್ತ್ರಾಣ, ಉಕ್ಕಿನ ಕವಚ, ಕೈಯಲ್ಲಿ ಕತ್ತಿ, ಮುಂದೆ ತೆರೆದಿಟ್ಟ ಪ್ರಾರ್ಥನಾ ಪುಸ್ತಕ, ಸಾಲು ಸಾಲು ಬೆಂಚು. ಮೇಷ್ಟ್ರು ಕಿಸೆಯಿಂದ ಕೆಂಪು ಪೆನ್ನು ತೆಗೆದರು. ಕೊಂಬು ಹೋಯಿತು, ಅಂಥದ್ದನ್ನು ಅವರು ಎಂದೂ ಹಾಕಿದವರಲ್ಲವಂತೆ. ಕತ್ತಿ ಕವಚಗಳು ಹೋದವು. "ನೀವು ಸ್ನಾನಕ್ಕೆ ಹೋಗುವಾಗ ಲ್ಯಾಪ್‌ಟಾಪು ಒಯ್ಯುತ್ತೀರಾ?" ಎಂದು ಕೇಳಿದರು. ಆ ಕಾಲದ ಚರ್ಚುಗಳಲ್ಲಿ ಬೆಂಚುಗಳಿರಲಿಲ್ಲ, ಅವೂ ಹೋದವು. ಆ ಯೋಧರಲ್ಲಿ ಹೆಚ್ಚಿನವರಿಗೆ ಓದು ಬರುತ್ತಿರಲಿಲ್ಲ, ಬಾಯಿಪಾಠದ ಒಂದೇ ಪ್ರಾರ್ಥನೆಯನ್ನು ಮತ್ತೆ ಮತ್ತೆ ಹೇಳುತ್ತಿದ್ದರು, ಪುಸ್ತಕವೂ ಹೋಯಿತು. ಜೋಡಿಸಿದ ಕೈಗಳನ್ನು ಮಾತ್ರ ಅವರು ಬಹಳ ಹೊತ್ತು ನೋಡಿ ಉಳಿಸಿದರು. ಅದರ ಹಿಂದೆಯೂ ಒಂದು ಕಥೆ. ಯೂರೋಪಿನಲ್ಲಿ ಬಹಳ ಹಿಂದೆ ದೇವರ ಮುಂದೆ ಕೈ ಅಗಲಿಸಿ ನಿಲ್ಲುತ್ತಿದ್ದರಂತೆ. ಕೈ ಜೋಡಿಸುವುದು ಆಮೇಲೆ ಬಂತು. ಒಡೆಯನ ಮುಂದೆ ಮಂಡಿಯೂರಿ, ಜೋಡಿಸಿದ ಕೈಗಳನ್ನು ಅವನ ಕೈಯೊಳಗಿಟ್ಟು 'ನಾನು ನಿನ್ನವನು' ಎನ್ನುವ ಪದ್ಧತಿಯಿಂದ ಬಂದಿರಬೇಕು ಎಂದು ತಿಳಿದವರು ಹೇಳುತ್ತಾರಂತೆ. ನಮ್ಮಲ್ಲಿ ಅದೇ ಕೈಯನ್ನು ಚಂದಾ ಕೇಳಲು ಬಂದವರಿಗೆ ಮುಗಿಯುತ್ತೇವೆ, ದಯವಿಟ್ಟು ಹೊರಡಿ ಎಂಬ ಅರ್ಥದಲ್ಲಿ. ಹೇಗೂ ನನ್ನ ಯೋಧರಿಗೆ ಕೈಗಳಾದರೂ ಉಳಿದವಲ್ಲ ಎಂದುಕೊಳ್ಳುವಷ್ಟರಲ್ಲಿ ಮೇಷ್ಟ್ರು, "ಆದರೆ ನಾವು ಬಾಗಿಲಿನಿಂದ ನೋಡುತ್ತಿರುವುದಾದರೆ ಅವರು ಬೆನ್ನು ತಿರುಗಿಸಿರುತ್ತಾರೆ. ಕೈ ಕಾಣುವುದಿಲ್ಲ" ಎಂದರು.

ಗಣಪತಿ ಮಾಡಲು ಹೋಗಿ ಅವರಪ್ಪನನ್ನು ಮಾಡಿದರು ಎನ್ನುತ್ತಾರೆ. ನನ್ನದು ಅದಕ್ಕಿಂತ ಕಡೆ. ಅಪ್ಪನ ಬೆನ್ನು ಮಾತ್ರ ಉಳಿಯಿತು. ಆರು ಜನ, ಗಿಡ್ಡ ಕೂದಲು, ನೆಲ ಮುಟ್ಟುವ ಬಿಳಿ ಮೇಲಂಗಿ, ಎಡ ಹೆಗಲ ಮೇಲೆ ಕೆಂಪು ಶಿಲುಬೆ. ಸತ್ಯವೆಂಬುದು ಇಷ್ಟೊಂದು ಖಾಲಿಯಾಗಿರುತ್ತದೆ ಎಂದು ನನಗೆ ಗೊತ್ತಿರಲಿಲ್ಲ.

ಬೆನ್ನನ್ನಾದರೂ ಸರಿಯಾಗಿ ಬರೆಯೋಣವೆಂದು ಇಬ್ಬರು ಸ್ನೇಹಿತರನ್ನು ಮನೆಗೆ ಕರೆದೆ. ಒಬ್ಬ ಹರೀಶ, ಬೆಂಗಳೂರಿನವನು, ಅಪ್ಪರ್ ಹಿಲ್ಲಿನ ಬ್ಯಾಂಕೊಂದರ ಕಂಪ್ಯೂಟರುಗಳನ್ನು ಕಾಯುವವನು. ಇನ್ನೊಬ್ಬ ನಾಗರಾಜ, ಮಂಡ್ಯದವನು, ಟೆಲಿಕಾಂ ಕಂಪನಿಯ ಕೆಲಸ. ಕೆನ್ಯಾದ ಓಟಗಾರರು ಚಿಕ್ಕಂದಿನಲ್ಲಿ ಬರಿಗಾಲಲ್ಲಿ ಓಡಿ ಬೆಳೆದವರೆಂದು ಎಲ್ಲೋ ಕೇಳಿ, ನಾಗರಾಜ ನಲವತ್ತರ ವಯಸ್ಸಿನಲ್ಲಿ ಬರಿಗಾಲಲ್ಲಿ ಓಡತೊಡಗಿದ್ದ. ಪದಕ ಬರಲಿಲ್ಲ, ಹಿಮ್ಮಡಿ ಬಿರುಕುಬಿಟ್ಟಿತು. ಇಬ್ಬರಿಗೂ ಬೆಡ್‌ಶೀಟು ಹೊದಿಸಿ ಹಾಲಿನಲ್ಲಿ ಮಂಡಿಯೂರಿಸಿದೆ. ಸುಮಿತ್ರಾ ಡಬಲ್ ಬೆಡ್ಡಿನ ಶೀಟು ಕೊಡಲಿಲ್ಲ, ಸಿಂಗಲ್ಲೇ ಕೊಟ್ಟಳು. ಹಾಗಾಗಿ ಹೊದಿಕೆ ಮೊಣಕಾಲಿನಿಂದ ಸ್ವಲ್ಪ ಕೆಳಗೆ ಬಂದು ನಿಂತಿತು.

"ಸಾರ್, ಮಂಡಿ ಹೋಯ್ತು. ಕಂಪನಿ ಇನ್ಶೂರೆನ್ಸಲ್ಲಿ ಸನ್ಯಾಸಕ್ಕೆಲ್ಲ ಕವರ್ ಆಗಲ್ಲ," ಎಂದ ಹರೀಶ.

"ಸುಮ್ನೆ ಕೂತ್ಕೊಳೋ, ಯುದ್ಧ ಮಾಡೋನು ಇಷ್ಟಕ್ಕೇ ಅಳ್ತಾನಾ," ಎಂದ ನಾಗರಾಜ. ಆಮೇಲೆ ನಿಧಾನಕ್ಕೆ, "ಸಾರ್, ನಂಗೂ ಕಾಲು ಜುಮ್ ಅಂತಿದೆ" ಎಂದ.

ಮನೆಕೆಲಸದಾಕೆ ಮಾಮಾ ರೋಸ್ ಅಡುಗೆಮನೆಯಿಂದ ಇಣುಕಿ, ಬಿಳಿ ಬಟ್ಟೆ ಹೊದ್ದು ಬಾಗಿದ ಇಬ್ಬರು ಗಂಡಸರನ್ನು ನೋಡಿ, "ಪೊಲೆ ಸಾನಾ" ಎಂದು ನನಗೆ ಸಂತಾಪ ಹೇಳಿ ಒಳಗೆ ಹೋದಳು.

ನನಗೆ ಅದ್ಯಾವುದೂ ಕೇಳಿಸುತ್ತಿರಲಿಲ್ಲ. ನಾಗರಾಜನ ಅಂಗಾಲು ಕಂಡಿತ್ತು. ನಮ್ಮಲ್ಲಿ ಯಾರೂ ಯಾರ ಅಂಗಾಲನ್ನೂ ನೋಡುವುದಿಲ್ಲ. ನಮಸ್ಕಾರ ಮಾಡುವಾಗ ಕಾಣುವುದು ಪಾದದ ಮೇಲ್ಭಾಗ. ಕಿಟಕಿಯ ಬಿಸಿಲಿನಲ್ಲಿ ಆ ಹಿಮ್ಮಡಿಯ ಬಿರುಕುಗಳು, ಮಡಚಿದ ಬೆರಳುಗಳು, ಧೂಳು ಹಿಡಿದ ಗೆರೆಗಳು ಒಂದು ಮುಖಕ್ಕಿಂತ ಹೆಚ್ಚು ಮಾತಾಡುತ್ತಿದ್ದವು. ನಡೆದು ನಡೆದು ದಣಿದ ಒಬ್ಬ ಮನುಷ್ಯ ಕೊನೆಗೆ ಕೂತಿದ್ದಾನೆ ಎಂದು ಹೇಳುತ್ತಿದ್ದವು. ಮೇಷ್ಟ್ರ ಕೆಂಪು ಪೆನ್ನಿನಿಂದ ಪಾರಾದ ನನ್ನ ಬಣ್ಣವನ್ನೆಲ್ಲ ನಾನು ಆ ಎರಡು ಅಂಗಾಲುಗಳಿಗೆ ಸುರಿದೆ. ಹರೀಶನವು ಕ್ರೀಮು ಹಚ್ಚಿದ ಕಾಲುಗಳು. ಅವೂ ಸುಮಾರಾಗಿ ಬಂದವು. ಹಿಂದಿನ ನಾಲ್ವರನ್ನು ಇವರಿಬ್ಬರ ಮೇಲಿಂದಲೇ ಕತ್ತಲೆ ಬೆರೆಸಿ ಮಾಡಿದೆ. ಬಾಗಿಲ ಬಳಿ ಆರು ಜೊತೆ ಬೂಟುಗಳನ್ನು ಓರಣವಾಗಿ ಇಟ್ಟೆ, ಶಿಸ್ತಿನ ಸನ್ಯಾಸಿಗಳಲ್ಲವೇ. ಫಾದರ್ ನಡುವೆ ಮೂರು ಸಲ ಬಂದು ನೋಡಿ, "ಶೋಕಾಗಿ ಬಂದಿದೆ" ಎಂದರು. ಸುಮಿತ್ರಾ ಕೂಡ ದೂರದಿಂದ ನೋಡಿ, "ಕಾಲು ಚೆನ್ನಾಗಿದೆ" ಎಂದಳು. ಮದುವೆಯಾದ ಮೇಲೆ ನನ್ನ ಕಲೆಗೆ ಸಿಕ್ಕ ಮೊದಲ ಪ್ರಶಸ್ತಿ.

ಚರ್ಚಿನ ಹಾಲಿನ ಅಧಿಕೃತ ಉದ್ಘಾಟನೆ ಮುಂದಿನ ಭಾನುವಾರ. ಮುತುವಾ ಮೇಷ್ಟ್ರು ಮುಗಿದ ಚಿತ್ರ ನೋಡಲು ಮನೆಗೆ ಬಂದರು. ಫಾದರ್ ಕೂಡ ಇದ್ದರು. ಮೇಷ್ಟ್ರು ಮೇಲಂಗಿ ನೋಡಿ ತಲೆದೂಗಿದರು, ಶಿಲುಬೆ ನೋಡಿ ತಲೆದೂಗಿದರು, ಆಮೇಲೆ ಬಾಗಿಲ ಬಳಿಯ ಸಾಲಿನ ಮೇಲೆ ಬೆರಳಿಟ್ಟರು.

"ಈ ಬೂಟುಗಳು ಯಾರವು?"

"ಅವರವೇ," ಎಂದೆ.

"ಅಲ್ಲಿ ಏಕಿವೆ?"

"ಪ್ರಾರ್ಥನೆಗೆ ಬಂದಿದ್ದಾರಲ್ಲ."

"ಬಂದಿದ್ದಾರೆ. ಬೂಟು ಅಲ್ಲಿ ಏಕಿವೆ?"

ನಾನು ಫಾದರ್ ಮುಖ ನೋಡಿದೆ, ಫಾದರ್ ನನ್ನ ಮುಖ ನೋಡಿದರು. ಪ್ರಶ್ನೆ ಇಬ್ಬರಿಗೂ ಅರ್ಥವಾಗಿರಲಿಲ್ಲ. ಬೂಟು ಮತ್ತೆಲ್ಲಿರಬೇಕು? ಆ ಕ್ಷಣದಲ್ಲಿ ನಮ್ಮ ಮನೆಯ ಬಾಗಿಲ ಆಚೆ ನನ್ನ ಚಪ್ಪಲಿಯೂ ಫಾದರ್ ಶೂಗಳೂ ಅಕ್ಕಪಕ್ಕ ಇದ್ದವು. ಮೇಷ್ಟ್ರ ಶೂ ಮೇಷ್ಟ್ರ ಕಾಲಲ್ಲೇ ಇತ್ತು. ಅವರು ಮೆಲ್ಲಗೆ ವಿವರಿಸಿದರು: ಆ ಯೋಧ ಸನ್ಯಾಸಿಗಳಿಗೆ ಕಟ್ಟಳೆಯೇ ಇತ್ತು, ಬೆಳಗಿನ ಜಾವದ ಗಂಟೆ ಬಾರಿಸಿದ ಕೂಡಲೇ ಪಾದರಕ್ಷೆ ಹಾಕಿ, ಮೇಲಂಗಿ ಹೊದ್ದು ಪ್ರಾರ್ಥನೆಗೆ ಬರಬೇಕು. ಹಾಕಿಕೊಂಡು. ಬಿಟ್ಟು ಅಲ್ಲ.

"ದೇವರ ಮುಂದೆ ಚಪ್ಪಲಿ ಹಾಕಿಕೊಂಡೇ?" ಎಂದು ನಾನು ಕೇಳಿದ್ದು ಪ್ರಶ್ನೆಯಂತಿರಲಿಲ್ಲ, ದೂರಿನಂತಿತ್ತು.

ಫಾದರ್ ತಲೆ ಕೆರೆದುಕೊಂಡರು. "ಛೆ, ನನಗೆ ಹೊಳೆಯಲೇ ಇಲ್ಲ ನೋಡಿ. ನಮ್ಮ ಊರಿನ ಇಗರ್ಜಿಯಲ್ಲಿ ಎಲ್ಲರೂ ಮೆಟ್ಟಿಲ ಹತ್ತಿರವೇ ಬಿಡ್ತಿದ್ದದ್ದು. ಅಮ್ಮನ ಚಪ್ಪಲಿ ಎರಡು ಸಲ ಕಳವಾಗಿತ್ತು ಮಾರಾಯ್ರೆ, ಆದರೂ ಬಿಡ್ತಿದ್ದರು."

ಮೇಷ್ಟ್ರು ಎದ್ದು ನಿಂತು, ಭಾನುವಾರದೊಳಗೆ ಎಲ್ಲರಿಗೂ ಬೂಟು ಹಾಕಿಸಿದರೆ ಚಿತ್ರ ಗೋಡೆ ಹತ್ತುತ್ತದೆ ಎಂದು ಹೇಳಿ ಹೋದರು.

ಸೋಮವಾರದಿಂದ ನಾನು ಚಮ್ಮಾರನಾದೆ. ಕಾರ್ಖಾನೆಯಿಂದ ಟ್ರಾಫಿಕ್ ಜಾಮಿನಲ್ಲಿ ತೆವಳಿ ಮನೆಗೆ ಬಂದು ಸಂಜೆಗಿಬ್ಬರಂತೆ ಸನ್ಯಾಸಿಗಳಿಗೆ ಬೂಟು ತೊಡಿಸಿದೆ. ಚೂಪು ಮೂತಿ ಕೂಡದು, ದಾರ ಕೂಡದು, ಅದಕ್ಕೂ ಕಟ್ಟಳೆಯಿದೆಯಂತೆ. ಕತ್ತಲೆಯ ನಾಲ್ವರು ತಕರಾರಿಲ್ಲದೆ ಹಾಕಿಕೊಂಡರು. ಹರೀಶನಿಗೂ ಆಯಿತು. ನಾಗರಾಜನ ಅಂಗಾಲಿನ ಮುಂದೆ ಕುಂಚ ಹಿಡಿದು ಕೂತೆ, ಕೈ ಏಳಲಿಲ್ಲ. ನನ್ನ ಬದುಕಿನಲ್ಲಿ ಒಂದೇ ಒಂದು ವಸ್ತು ಚೆನ್ನಾಗಿ ಬಂದಿದೆ, ಅದರ ಮೇಲೆ ಬೂಟಿನ ಚರ್ಮ ಬಳಿದರೆ ಗೋಡೆ ಸಿಗುತ್ತದೆ, ಚಿತ್ರ ಸಿಗುವುದಿಲ್ಲ. ಬಳಿಯದಿದ್ದರೆ ಸೋಫಾದ ಹಿಂದೆ.

"ಹೋಗಿ ಕೇಳಿ ನೋಡ್ರೀ. ಮೇಷ್ಟ್ರೇನು ನಿಮ್ಮನ್ನ ತಿಂತಾರಾ," ಎಂದಳು ಸುಮಿತ್ರಾ.

ಮರುದಿನ ಮೇಷ್ಟ್ರ ಮನೆಗೆ ಹೋದೆ. ವಾದ ಮಾಡಲಿಲ್ಲ. ಒಬ್ಬನನ್ನು, ಒಬ್ಬನೇ ಒಬ್ಬನನ್ನು ಹೇಗಾದರೂ ಬರಿಗಾಲಲ್ಲಿ ಬಿಡಲು ಇತಿಹಾಸದಲ್ಲಿ ದಾರಿಯಿದೆಯೇ ಎಂದು ಕೇಳಿದೆ. ಅವರು ಹಾಲು ಹಾಕಿ ಕುದಿಸಿದ ಚಹಾ ಕೊಟ್ಟು, ನನ್ನ ಫೋನಿನಲ್ಲಿದ್ದ ಆ ಪಾದಗಳ ಫೋಟೋವನ್ನು ದೊಡ್ಡದು ಮಾಡಿ ನೋಡುತ್ತ ಕೂತರು. ಮೂವತ್ತು ಉತ್ತರ ಪತ್ರಿಕೆ ತಿದ್ದುವಷ್ಟು ಹೊತ್ತಾಯಿತು.

"ತಪ್ಪು ಮಾಡಿದವನಾದರೆ ಇರಬಹುದು," ಎಂದರು ಕೊನೆಗೆ. "ಆ ಕಾಲದಲ್ಲಿ ಪ್ರಾಯಶ್ಚಿತ್ತಕ್ಕೆ ನಿಂತವರು ಬರಿಗಾಲಲ್ಲಿರುತ್ತಿದ್ದರು. ಆದರೆ ಮಿಸ್ಟರ್ ಮೂರ್ತಿ, ಈ ಪಂಥದಲ್ಲಿ ದೊಡ್ಡ ತಪ್ಪಿಗೆ ಬಿಳಿ ಮೇಲಂಗಿಯನ್ನು ಕಿತ್ತುಕೊಳ್ಳುತ್ತಿದ್ದರು. ಊಟವೂ ನೆಲದ ಮೇಲೆ. ನಿಮಗೆ ಕಾಲು ಬೇಕಾದರೆ ಮೇಲಂಗಿ ಬಿಡಬೇಕು."

ಬಿಟ್ಟೆ. ನಾಗರಾಜನ ಬೆಡ್‌ಶೀಟು ತೆಗೆದು, ಶಿಲುಬೆಯಿಲ್ಲದ ಒಂದು ಮಣ್ಣುಬಣ್ಣದ ಒರಟು ಬಟ್ಟೆ ಹೊದಿಸಿದೆ. ಬಾಗಿಲ ಬಳಿಯ ಬೂಟುಗಳನ್ನೆಲ್ಲ ಅಳಿಸಿದೆ. ಬಣ್ಣ ಒಣಗುತ್ತಿರುವಾಗ ನಾಗರಾಜನೂ ಅವನ ಹೆಂಡತಿ ರೇಖಾಳೂ ನೋಡಲು ಬಂದರು. ಆ ಮಣ್ಣುಬಣ್ಣದ ಬಟ್ಟೆಯ ಅರ್ಥ ಹೇಳಿದೆ.

"ನಾನೇನ್ ಮಾಡ್ದೆ ಸಾರ್?" ಎಂದ ನಾಗರಾಜ, ತುಂಬ ನೊಂದು. "ಅಷ್ಟು ಹೊತ್ತು ಮಂಡಿಯೂರಿ ಕೂತಿದ್ದಕ್ಕೆ ನಾನು ಪಾಪಿನಾ? ಹರೀಶಂಗೆ ಹಾಕಿ. ಅವ್ನು ಬೇಜಾನ್ ಮಾಡವ್ನೆ, ನಾನೇ ನೋಡಿದ್ದೀನಿ."

"ಊರಿಗೆ ಫೋಟೋ ಕಳಿಸ್ತೀನಿ ಅಂದಿದ್ದೆ. ಅತ್ತೆಗೆ ಏನಂತ ಹೇಳ್ಲಿ?" ಎಂದಳು ರೇಖಾ.

ನಾನು ಮೇಷ್ಟ್ರಿಗೆ ಫೋನು ಮಾಡಿ, ಮರ್ಯಾದಸ್ಥರು ಮಾಡಬಹುದಾದ ತಪ್ಪು ಯಾವುದಾದರೂ ಇದೆಯೇ ಎಂದು ವಿಚಾರಿಸಿದೆ. ಆ ಸನ್ಯಾಸಿಗಳಿಗೆ ಬೇಟೆ ನಿಷಿದ್ಧವಂತೆ, ಸಿಂಹವನ್ನು ಬಿಟ್ಟು. ಇದನ್ನು ಹೇಳುವಾಗ ಮೇಷ್ಟ್ರು ನಕ್ಕರು; ನೈರೋಬಿಯಲ್ಲಾದರೆ ಕಟ್ಟಳೆ ತಲೆಕೆಳಗು, ಸಿಂಹ ಹೊಡೆದವನೇ ಜೈಲಿಗೆ. ಬೇಟೆ ಬೇಡವೆಂದು ನಾಗರಾಜ ಕೈಯಾಡಿಸಿದ. ಇನ್ನೊಂದಿತ್ತು: ಅಜಾಗರೂಕತೆಯಿಂದ ಮಠದ ಕುದುರೆ ಕಳೆದುಹಾಕುವುದು. ಇದನ್ನು ಅವನು ಯೋಚಿಸಿ ನೋಡಿದ.

"ಕಂಪನಿ ಕಾರು ಕಳ್ಕೊಂಡಂಗೆ," ಎಂದ. "ಅದು ಯಾರಿಗಾದ್ರೂ ಆಗ್ಬೋದು. ಸರಿ, ಹಾಕ್ಕೊಳಿ."

ಭಾನುವಾರ ಚಿತ್ರ ಗೋಡೆ ಹತ್ತಿತು. ಮೊಳೆ ಹೊಡೆದವರು ಕರಾಟೆಯವರು, ಸೊಟ್ಟಗಿದೆ ಎಂದವರು ಪ್ರಾರ್ಥನೆಯವರು. ಫಾದರ್ ಅವರ ಉದ್ದೇಶ ಅಷ್ಟರಮಟ್ಟಿಗೆ ಈಡೇರಿತು. ಜನ ಚಹಾದ ಕಪ್ಪು ಹಿಡಿದು ಮುಂದೆ ನಿಂತರು. ನಾನು ಹಿಂದೆ ನಿಂತು ಅವರ ಬೆನ್ನು ನೋಡುತ್ತಿದ್ದೆ. ಕಷ್ಟಪಟ್ಟು ಹೊಳಪು ತಂದ ಐದು ಬಿಳಿ ಮೇಲಂಗಿಗಳನ್ನು ಯಾರೂ ಕೇಳಲಿಲ್ಲ. ಎಲ್ಲರೂ ಆ ಮಣ್ಣುಬಣ್ಣದವನ ಕಾಲ ಬಳಿ ಬಂದು ನಿಲ್ಲುತ್ತಿದ್ದರು. ಗಾಯನವೃಂದದ ಒಬ್ಬ ಅಜ್ಜಿ ಬೆರಳ ತುದಿಯಿಂದ ಆ ಹಿಮ್ಮಡಿಯನ್ನು ಮುಟ್ಟಿ, ಇವನು ಏನು ಮಾಡಿದ್ದ ಎಂದು ಮೇಷ್ಟ್ರನ್ನು ಕೇಳಿದಳು. ಮೇಷ್ಟ್ರು ಪಾಠ ಶುರುಮಾಡಿದರು. ಪಕ್ಕದಲ್ಲಿ ನಾಗರಾಜ ಹೊಸ ಅಂಗಿ ತೊಟ್ಟು ನಿಂತು, ಪಾಠ ಮುಗಿದೊಡನೆ ಪ್ರತಿಯೊಬ್ಬರಿಗೂ, "ಮೈ ಲೆಗ್" ಎಂದು ಪರಿಚಯಿಸಿಕೊಳ್ಳುತ್ತಿದ್ದ. ಸುಮಿತ್ರಾ ತನ್ನ ಆಫೀಸಿನ ಗೆಳತಿಗೆ, "ನಮ್ಮನೆಯವರು ಬರೆದಿದ್ದು" ಎನ್ನುವುದು ಕೇಳಿಸಿತು.

ಕಟ್ಟಳೆ ಮೀರದೆ ಬದುಕಿದವರಿಂದಲೇ ಜಗತ್ತು ನಡೆಯುತ್ತದೆ, ನಿಜ. ಆದರೆ ನಮ್ಮ ಕಣ್ಣು ಹೋಗಿ ಕೂರುವುದು ಕುದುರೆ ಕಳೆದುಕೊಂಡವನ ಪಕ್ಕದಲ್ಲೇ. ಅಲ್ಲಿ ನಮಗೂ ಸ್ವಲ್ಪ ಜಾಗವಿದೆ ಅನಿಸುತ್ತದೆ. ಹೀಗೆಲ್ಲ ದೊಡ್ಡದಾಗಿ ಯೋಚಿಸುತ್ತ ನಾನು ಎರಡನೆಯ ಕಪ್ಪು ಚಹಾಕ್ಕೆ ಹೋದಾಗ ಹರೀಶ ಬಂದು ಪಕ್ಕದಲ್ಲಿ ನಿಂತ. ಅವನನ್ನು ಬೆಳಗಿನಿಂದ ಯಾರೂ ಗುರುತಿಸಿರಲಿಲ್ಲ. ಸ್ವಲ್ಪ ಹೊತ್ತು ತನ್ನ ಚಿತ್ರದ ಬೂಟುಗಳನ್ನೇ ನೋಡಿ, ಯಾರಿಗೂ ಕೇಳಿಸದಂತೆ ಹೇಳಿದ:

"ಸಾರ್, ನಂಗೂ ಒಂದು ಸಣ್ಣ ಪಾಪ ಕೊಡಬಹುದಿತ್ತು."