ಅವದ್ ಸಾಬರ ಪರಾತ

ಬೇರೆ ತಟ್ಟೆ ಕೇಳಿದವರನ್ನು ಅವದ್ ಸಾಬರು ತಮ್ಮ ಹೋಟೆಲಿನಿಂದ ಊಟಕ್ಕೆ ಮೊದಲೇ ಎಬ್ಬಿಸಿ ಕಳಿಸುತ್ತಿದ್ದರು. ಮೆಹಂದಿ ಹಚ್ಚಿದ ಕೆಂಪು ಗಡ್ಡ, ಚೌಕುಳಿ ಲುಂಗಿ, ಅದರ ಮೇಲೆ ಅಂಗೈ ಅಗಲದ ಚರ್ಮದ ಬೆಲ್ಟು. ನಾಲ್ವರು ಸುತ್ತ ಕೂತು ಉಣ್ಣುವಷ್ಟು ದೊಡ್ಡ ಪರಾತವನ್ನು ಎರಡು ಕೈಯಲ್ಲಿ ಹಿಡಿದು ಬರುವಾಗ ಹಬೆಯಲ್ಲಿ ಅವರ ಮುಖ ಕಾಣುತ್ತಿರಲಿಲ್ಲ, ಬೈಗುಳ ಮಾತ್ರ ಕೇಳಿಸುತ್ತಿತ್ತು. ಒಮ್ಮೆ ಒಬ್ಬ ಕಂಟ್ರಾಕ್ಟರು ಮೂವರು ಗೆಳೆಯರ ಜೊತೆ ಬಂದು ಜಮಖಾನದ ಮೇಲೆ ಕೂತವನೇ ನಾಲ್ಕು ಪ್ಲೇಟು ಕೇಳಿದ. ಸಾಬರು ಇಳಿಸುತ್ತಿದ್ದ ಪರಾತವನ್ನು ಮತ್ತೆ ಎತ್ತಿಕೊಂಡರು.

"ಪ್ಲೇಟ್ ಬೇಕಂದ್ರೆ ಬಸ್ ಸ್ಟ್ಯಾಂಡ್ ಹತ್ರ ಹೋಗ್ರಿ. ಅಲ್ಲಿ ಒಬ್ಬೊಬ್ರಿಗೂ ಒಂದೊಂದು ಕೊಡ್ತಾರೆ."

ಕಂಟ್ರಾಕ್ಟರು ಗುರುಗುಟ್ಟುತ್ತ ಎದ್ದು ಹೋದ. ಅವನ ಪಾಲಿನ ಊಟ ಗೋಡೆ ಪಕ್ಕ ಕಾಯುತ್ತಿದ್ದ ಲಾರಿ ಡ್ರೈವರುಗಳ ಮುಂದೆ ಕೂತಿತು.

ಸಾಬರ ತಾತ ಯೆಮನ್ ದೇಶದಿಂದ ಹೈದರಾಬಾದಿಗೆ ಅರಮನೆಯ ಕಾವಲಿಗೆ ಬಂದವರಂತೆ. ಅಪ್ಪ ಲಾರಿ ಓಡಿಸಿಕೊಂಡು ಚಿತ್ರದುರ್ಗಕ್ಕೆ ಬಂದು, ಇಲ್ಲಿಯ ಹೆಣ್ಣನ್ನು ಮದುವೆಯಾಗಿ ನಿಂತರು. ಸಾಬರು ಯೆಮನ್ ನೋಡಿದವರಲ್ಲ. ಅಲ್ಲಿಂದ ಅವರಿಗೆ ಬಂದದ್ದು ಒಂದು ಅಡುಗೆ, ಅದನ್ನು ಉಣ್ಣುವ ಕ್ರಮ, ಅಷ್ಟೆ. ನೆಲದಲ್ಲಿ ತೋಡಿದ ಗುಂಡಿಯಲ್ಲಿ ಜಾಲಿ ಕೊರಡು ಉರಿಸಿ, ಕೆಂಡದ ಮೇಲೆ ಅಕ್ಕಿಯ ಹಂಡೆ ಇಳಿಸಿ, ಅದರ ಮೇಲೆ ಕುರಿಮಾಂಸ ತೂಗುಹಾಕಿ, ಬಾಯಿ ಮುಚ್ಚಿ ಮಣ್ಣು ಮೆತ್ತುತ್ತಿದ್ದರು. ಮಂದಿ ಎಂದು ಆ ಅಡುಗೆಯ ಹೆಸರು. ಹೊಳಲ್ಕೆರೆ ರಸ್ತೆಯ ಆ ಹೆಂಚಿನ ಮನೆಯಲ್ಲಿ ಮೂವತ್ತು ವರ್ಷಕ್ಕೂ ಮೇಲೆ ಬೇರೇನನ್ನೂ ಮಾಡಲಿಲ್ಲ. ಒಬ್ಬರೇ ಬಂದರೆ ಯಾರ ಪರಾತದ ಸುತ್ತ ಜಾಗವಿದೆಯೋ ಅಲ್ಲಿ ಕೂರಿಸುತ್ತಿದ್ದರು.

"ಕುರಿ ಸೈತ ಒಂದೇ ಮೇಯಲ್ಲ, ನೀವ್ಯಾಕ್ರಿ ಒಬ್ರೇ ತಿಂತೀರಿ?"

ಅನ್ನವನ್ನು ನಿಮ್ಮ ಮುಂದಿನಿಂದ ತಿನ್ನಬಹುದು. ನಡುವೆ ಇಟ್ಟ ಮಾಂಸವನ್ನು ಮಾತ್ರ ಯಾರೂ ತಮಗೆ ತಾವೇ ಹಾಕಿಕೊಳ್ಳುವಂತಿಲ್ಲ. ಹರಿದು ಪಕ್ಕದವರ ಮುಂದೆ ಇಡಬೇಕು, ನಿಮಗೆ ಪಕ್ಕದವರು ಇಡುತ್ತಾರೆ. ಮರೆತು ಬಾಯಿಗೆ ಹಾಕಿಕೊಂಡವರಿಗೆ ಇಡೀ ಹೋಟೆಲಿಗೆ ಕೇಳುವಂತೆ ಮಂಗಳಾರತಿ ಆಗುತ್ತಿತ್ತು.

ನಾನು ಮಾರಿಕಣಿವೆ ಕಡೆಯ ಕುರಿಗಾರರ ಮನೆಯವಳು. ಪಶು ಇಲಾಖೆಯಲ್ಲಿ ಹಟ್ಟಿ ಹಟ್ಟಿ ಸುತ್ತಿ ಕುರಿಗಳಿಗೆ ಲಸಿಕೆ ಹಾಕುವುದು ನನ್ನ ಕೆಲಸ. ಹುಟ್ಟಾ ಎಡಚಿ. ಚಿಕ್ಕವಳಿದ್ದಾಗ ಊಟಕ್ಕೆ ಕೂತರೆ ಅವ್ವ ನನ್ನ ಎಡಗೈಯನ್ನು ಸೀರೆ ಸೆರಗಿನಿಂದ ಸೊಂಟಕ್ಕೆ ಕಟ್ಟುತ್ತಿದ್ದಳು. ಬಲಗೈಯಲ್ಲಿ ಕಲಸಿದ ಅರ್ಧ ಅನ್ನ ನೆಲಕ್ಕೆ ಬೀಳುತ್ತಿತ್ತು, ಅದಕ್ಕೆ ಬೇರೆ ಏಟು. ಮದುವೆಮನೆಗಳಲ್ಲಿ ಸಾಲಿನ ಕೊನೆಗೆ ಕೂರಿಸುತ್ತಿದ್ದರು. ಅವ್ವ ತೀರಿಹೋಗಿ ವರ್ಷಗಳಾದವು, ಆ ಸೆರಗಿನ ಮೇಲೆ ನನಗೆ ಇನ್ನೂ ಕೋಪವಿದೆ.

ಕೆಲಸಕ್ಕೆ ಸೇರಿದ ಹೊಸದರಲ್ಲಿ ಒಂದು ಮಧ್ಯಾಹ್ನ ಹಸಿದು ಆ ಹೋಟೆಲಿಗೆ ಹೊಕ್ಕೆ. ಮದುವೆ ಬಟ್ಟೆ ಕೊಳ್ಳಲು ಭರಮಸಾಗರದಿಂದ ಬಂದಿದ್ದ ಒಂದು ಸಂಸಾರದ ಪರಾತಕ್ಕೆ ಸಾಬರು ನನ್ನನ್ನು ಸೇರಿಸಿದರು. ಹಸಿವಿನಲ್ಲಿ ಯೋಚಿಸದೆ ಎಡಗೈ ಹಾಕಿಬಿಟ್ಟೆ. ಎದುರಿಗಿದ್ದ ಮುದುಕಮ್ಮ ಥಟ್ಟನೆ ಕೈ ಹಿಂದಕ್ಕೆಳೆದುಕೊಂಡರು. ಅವರ ಸೊಸೆಯೂ ಎಳೆದುಕೊಂಡಳು. ಎಡಗೈ ಯಾವುದಕ್ಕೆ ಎಂದು ಎಲ್ಲರಿಗೂ ಗೊತ್ತಿರುವುದೇ. ನಾನು ಏಳಲು ಹೋದೆ. ಅಷ್ಟರಲ್ಲಿ ಸಾಬರು ಬಂದು ನನ್ನ ಪಕ್ಕದಲ್ಲಿ ಧೊಪ್ಪನೆ ಕೂತರು.

"ಬಲಗೈಲಿ ಬರಲ್ಲೇನಮ್ಮ?"

"ಬರಲ್ಲ."

ಅವರು ಮುದುಕಮ್ಮನ ಕಡೆ ತಿರುಗಿದರು. "ಅದೇ ಇವ್ಳ ಬಲಗೈ. ಉಣ್ರಿ." ಹೀಗೆ ಹೇಳಿ ತೊಡೆಯ ತುಂಡೊಂದನ್ನು ಹರಿದು ನನ್ನ ಮುಂದಿಟ್ಟರು. ನಾನೂ ಎಡಗೈಯಿಂದಲೇ ಒಂದು ತುಂಡು ಹರಿದು ಅವರ ಮುಂದಿಟ್ಟೆ. ಎಲ್ಲರೂ ನೋಡುತ್ತಿದ್ದಂತೆ ಅದನ್ನು ಬಾಯಿಗೆ ಹಾಕಿಕೊಂಡರು. ಸ್ವಲ್ಪ ಹೊತ್ತಿಗೆ ಮುದುಕಮ್ಮನ ಕೈಯೂ ಪರಾತಕ್ಕೆ ಬಂತು.

ಆಮೇಲೆ ಇಪ್ಪತ್ತು ವರ್ಷ ಅಲ್ಲಿ ಉಂಡೆ. ನಾನು ಅವರನ್ನು ಚಾಚಾ ಎನ್ನುತ್ತಿದ್ದೆ, ಅವರಿಗೆ ನಾನು ಬೇಟಿ. "ಸೂಜಿನೂ ಎಡಗೈಲೇ ಚುಚ್ತೀಯಾ?" ಎಂದು ಕೇಳುತ್ತಿದ್ದರು. ಹೌದು ಎಂದರೆ, "ಕುರಿ ಏನಾರ ಬ್ಯಾಡ ಅಂತೈತಾ?" ಎಂದು ನಗುತ್ತಿದ್ದರು. ಆ ಎರಡು ದಶಕದಲ್ಲಿ ನಾನು ನಾಲ್ಕು ಜನರ ಮುಂದೆ ಹೆದರದೆ ಉಂಡ ಜಾಗ ಅದೊಂದೇ.

ಹೋದ ವರ್ಷ ಸಾಬರಿಗೆ ಲಕ್ವ ಹೊಡೆಯಿತು. ಬಲಗೈ ಬಿದ್ದುಹೋಯಿತು, ಮಾತು ತೊದಲಿತು. ಹೋಟೆಲು ಮಗ ಸಲೀಮನ ಕೈಗೆ ಬಂತು. ಅದೇ ಸಮಯಕ್ಕೆ ನಮ್ಮ ಕಚೇರಿಗೆ ಹೊಸ ಸಾಹೇಬರು ಬಂದರು. ಅವರಿಗೆ ಊಟ ಹಾಕಿಸೋಣ ಎಂದು ನಾವು ಏಳು ಜನ ಅಲ್ಲಿಗೇ ಹೋದೆವು. ಒಳಗೆ ಕಾಲಿಟ್ಟವಳಿಗೆ ಮೊದಲು ಕಂಡದ್ದು ಸಾಬರೇ. ಹಿಂದೆ, ಕೈ ತೊಳೆಯುವ ತೊಟ್ಟಿಯ ಪಕ್ಕ, ಗೋಡೆಗೆ ಮುಖ ಮಾಡಿ ಒಬ್ಬರೇ ಕೂತಿದ್ದರು. ಮುಂದೆ ಒಂದು ಸ್ಟೀಲ್ ತಟ್ಟೆ, ಎಡಗೈಯಲ್ಲಿ ಚಮಚ, ಗಡ್ಡದಲ್ಲಿ ಅನ್ನದ ಅಗಳು.

ನನಗೆ ಮೈಯೆಲ್ಲ ಉರಿದುಹೋಯಿತು. ಸಲೀಮನನ್ನು ಬಾಗಿಲ ಮರೆಗೆ ಕರೆದೆ.

"ಏನಪ್ಪ ಇದು? ಅವರಿಗೆ ಬೇರೆ ತಟ್ಟೆನಾ?"

"ಏನ್ಮಾಡ್ಲಿ ಮೇಡಂ. ಬಲಗೈ ಇಲ್ಲ. ಎಡಗೈ ಹಾಕಿದ್ರೆ ಗಿರಾಕಿಗಳು ಎದ್ದೋಗ್ತಾರೆ. ನಾಲ್ಕ್ ಜನ ಅಸಹ್ಯ ಪಟ್ಕಳ್ಳೋದು ಯಾಕೆ?"

ನಾನು ಇಪ್ಪತ್ತು ವರ್ಷದಿಂದ ಯಾವ ಕೈಯಲ್ಲಿ ಉಣ್ಣುತ್ತಿದ್ದೇನೆ ಎಂದು ಅವನಿಗೆ ಗೊತ್ತಿರಲಿಲ್ಲವೇ? ಗೊತ್ತಿತ್ತು. ಅಪ್ಪ ಹಾಕಿಕೊಟ್ಟ ಜಮಖಾನದ ಮೇಲೆ ನಿಂತು ಅಪ್ಪನ ಬಗ್ಗೆಯೇ ಹೀಗೆ ಹೇಳುವವನ ಕೆನ್ನೆಗೆ ಬಿಡಬೇಕಿತ್ತು. ಹೊಸ ಸಾಹೇಬರು ಕರೆಯುತ್ತಿದ್ದರು, ಹೋಗಿ ಅವರ ಪಕ್ಕದಲ್ಲಿ ಕೂತೆ. ಪರಾತ ಬಂತು. ಎಡಗೈ ತಾನಾಗಿ ಎದ್ದಿತು. ಸಲೀಮ ಹೇಳಿದ ಅಸಹ್ಯ ಎಂಬ ಮಾತು ಕಿವಿಯಲ್ಲೇ ಇತ್ತು. ಆ ಕೈಯನ್ನು ಮಡಿಲಲ್ಲಿಟ್ಟು ಸೆರಗು ಮುಚ್ಚಿಕೊಂಡೆ. ಬಲಗೈಯಲ್ಲಿ ತಿಂದೆ. ಈ ಸಲ ಯಾರೂ ಕಟ್ಟಿರಲಿಲ್ಲ, ನಾನೇ ಕಟ್ಟಿಕೊಂಡಿದ್ದೆ. ಅನ್ನ ಜಮಖಾನದ ಮೇಲೆಲ್ಲ ಬಿತ್ತು. ತಲೆ ಎತ್ತಿದಾಗ ಸಾಬರು ಗೋಡೆ ಬಿಟ್ಟು ನಮ್ಮ ಕಡೆ ತಿರುಗಿದ್ದರು. ನನ್ನ ಮುಖವನ್ನಲ್ಲ, ಕೈಯನ್ನು ನೋಡುತ್ತಿದ್ದರು.

ರಂಜಾನ್ ಬರುವ ಮೊದಲೇ ಅವರು ತೀರಿಕೊಂಡರು. ಹೋಟೆಲು ಈಗಲೂ ಇದೆ, ಪರಾತವೂ ಇದೆ, ಕೇಳಿದವರಿಗೆ ತಟ್ಟೆಯೂ ಸಿಗುತ್ತದೆ. ನಾನು ಹೋಗುವುದಿಲ್ಲ. ಸಲೀಮನ ಮೇಲಿನ ಸಿಟ್ಟು ಎಂದು ಜನರಿಗೆ ಹೇಳುತ್ತೇನೆ. ಅದು ಅರ್ಧ ನಿಜ.

ಯಾಕೆಂದರೆ ಕಚೇರಿಯ ಆ ಊಟವಾದ ಮೂರನೇ ದಿನ ನಾನು ಒಬ್ಬಳೇ ಹೋಗಿದ್ದೆ. ಯಾರನ್ನೂ ಕೇಳದೆ ನೇರ ತೊಟ್ಟಿಯ ಪಕ್ಕಕ್ಕೆ ನಡೆದು ಸಾಬರ ಎದುರು ಕೂತೆ. ಅವರ ಸ್ಟೀಲ್ ತಟ್ಟೆಗೆ ನನ್ನ ಎಡಗೈ ಹಾಕಿ, ಒಂದು ತುಂಡು ಹರಿದು ಅವರ ಮುಂದೆ ಸರಿಸಿದೆ. ಮೊದಲ ದಿನದ ಹಾಗೆ ಎಲ್ಲರೂ ನೋಡುತ್ತಿದ್ದರು, ನೋಡಲಿ ಎಂದೇ ಕೂತಿದ್ದೆ. ಸಾಬರು ಚಮಚ ಕೆಳಗಿಟ್ಟರು. ಆ ತುಂಡನ್ನು ಮುಟ್ಟಲಿಲ್ಲ. ಎಡಗೈಯಿಂದ ತಟ್ಟೆಯನ್ನು ನಿಧಾನವಾಗಿ ತಮ್ಮ ಕಡೆ ಎಳೆದುಕೊಂಡರು. ಒಂದೊಂದೇ ಮಾತನ್ನು ತೊದಲಿ ತೊದಲಿ ಆಡಿದರು.

"ಅವತ್ತು ಬಲಗೈಲಿ ಉಂಡ್ಯಲ್ಲ. ಬರ್ತೈತಲ್ಲ ನಿಂಗೆ. ಎದ್ದೋಗು ಬೇಟಿ."

ನಾನು ಎದ್ದೆ. ಕೈಗೆ ಹತ್ತಿದ ಅನ್ನವನ್ನು ಅಲ್ಲೇ ಅವರ ಪಕ್ಕದ ತೊಟ್ಟಿಯಲ್ಲಿ ತೊಳೆದುಕೊಂಡು ಹೊರಗೆ ಬಂದೆ.