ರೈಲು ನಿಂತಾಗ ಆರದ ದೀಪ

ನಿಂತ ರೈಲಿನಲ್ಲಿ ದೀಪ ಯಾಕೆ ಆರುವುದಿಲ್ಲ ಎಂಬ ಪ್ರಶ್ನೆ ನನಗೆ ಹುಟ್ಟಿದ್ದೇ ಮದುವೆಯಾಗಿ ಶಂಕರಪುರಕ್ಕೆ ಬಂದ ಮೇಲೆ. ತೊಂಬತ್ತರ ದಶಕದ ಮಾತು. ನಮ್ಮ ಮಾವನವರು ಸಂಬಳದ ಕೆಲಸ ಬಿಟ್ಟು, ಹಿತ್ತಲ ಕೋಣೆಯಲ್ಲಿ ರೈಲುಬೋಗಿಗೆ ಕಂಟ್ರೋಲ್ ಪ್ಯಾನೆಲ್ ಮಾಡಲು ಕೂತಿದ್ದರು. ಬೋಗಿ ಓಡುವಾಗ ಚಕ್ರದ ಅಚ್ಚಿನಿಂದ ತಿರುಗುವ ಜನರೇಟರು ಕರೆಂಟು ಕೊಡುತ್ತದೆ, ನಿಂತರೆ ಬ್ಯಾಟರಿ. ಪಂಕ್ತಿಯಲ್ಲಿ ಬಡಿಸುವಾಗ ಅತ್ತೆಯ ಕೈಯ ಸೌಟು ಸೊಸೆಯ ಕೈಗೆ ಬಂದದ್ದು ಎಲೆಯ ಮುಂದೆ ಕೂತವರಿಗೆ ತಿಳಿಯಬಾರದಲ್ಲ, ಹಾಗೆ ಒಂದರಿಂದ ಇನ್ನೊಂದಕ್ಕೆ ದಾಟಿಸುವುದು ಆ ಪೆಟ್ಟಿಗೆಯ ಕೆಲಸ.

ಅವರ ಮೊದಲ ಆರ್ಡರು ಪ್ರವಾಸಿಗಳ ಒಂದು ಬೋಗಿಯದು. ಅದರೊಳಗೇ ಅಡುಗೆಮನೆ, ಫ್ರಿಜ್ಜು ಇದ್ದುದರಿಂದ ಸಿದ್ಧ ಪೆಟ್ಟಿಗೆ ಯಾವುದೂ ಒಗ್ಗುತ್ತಿರಲಿಲ್ಲ. ಪೆಟ್ಟಿಗೆ ಸಿದ್ಧವಾದ ಮರುದಿನವೇ ರೈಲ್ವೆಯವರ ಪರೀಕ್ಷೆ. ದೀಪ ಒಮ್ಮೆ ಮಿಣುಕಿದರೂ ಆರ್ಡರು ಬೇರೆಯವರಿಗೆ. ಬಿಟ್ಟ ಕೆಲಸಕ್ಕೆ ಮರಳುವ ದಾರಿಯೂ ಇರಲಿಲ್ಲ.

ರೈಲಿನಂತೆ ಕುಲುಕಿ ನೋಡುವ ಯಂತ್ರ ನಮ್ಮಲ್ಲೆಲ್ಲಿ? ಪೆಟ್ಟಿಗೆಯನ್ನು ಲಗೇಜ್ ಆಟೋಗೆ ಹೇರಿ, ಬ್ಯಾಟರಿ, ಬಲ್ಬು ಜೋಡಿಸಿ ನಗರ್ತಪೇಟೆಯ ಹಳ್ಳದಿಣ್ಣೆಗಳಲ್ಲಿ ಸುತ್ತಿಸುವುದು ಮಾವನವರ ಕ್ರಮ. ಬಲ್ಬನ್ನೇ ನೋಡುತ್ತ ಹಿಂದೆ ನಾನು. ಮದುಮಗಳ ಮೆರವಣಿಗೆ ಹೊರಟಿತೆಂದು ಅತ್ತೆ ಬಾಗಿಲಲ್ಲಿ ನಿಂತು ನಕ್ಕರು.

ಹೋಗಿ ನೋಡಿದರೆ ಬೀದಿಗೆ ಹೊಸ ಟಾರು. ಊರೆಲ್ಲ ಸಂತೋಷವಾಗಿರುವಾಗ ನಮ್ಮ ಮಾವನವರ ಮುಖ ಮಾತ್ರ ಬಾಡಿತು. ‘ಒಳ್ಳೆ ರೋಡ್ ನೋಡಿ ಬೇಜಾರಾದೋರ್ನ ಇವತ್ತೇ ನೋಡಿದ್ದು ಸಾರ್’ ಎಂದ ಆಟೋದವನು. ಬಲ್ಬು ಮಿಣುಕಲಿಲ್ಲ, ಮನೆಗೆ ಹೋಗೋಣವೆಂದು ನಾನು ಹೇಳಿ ನೋಡಿದೆ.

‘ಪಾಸಾಗಿದ್ದು ರಸ್ತೆ ಕಣಮ್ಮ, ಪೆಟ್ಟಿಗೆ ಅಲ್ಲ’ ಎಂದರು.

ಕೆಟ್ಟ ರಸ್ತೆ ಹುಡುಕುತ್ತ ಚಾಮರಾಜಪೇಟೆಗೆ ಬಂದೆವು. ಅಲ್ಲೊಂದು ಗಲ್ಲಿಯನ್ನು ನೀರಿನ ಪೈಪಿಗಾಗಿ ಅಗೆದಿದ್ದರು. ಮೊದಲ ಗುಂಡಿಗೇ ಬಲ್ಬು ಕಣ್ಣು ಮಿಟುಕಿಸಿತು. ಮಾವನವರು ಮುಚ್ಚಳ ತೆಗೆದು ಒಂದೊಂದೇ ತಂತಿ ಮುಟ್ಟುತ್ತ ಬಂದು ಒಂದು ಕಡೆ ಕೈ ನಿಲ್ಲಿಸಿದರು. ತಿರುಪು ಬಿಗಿಯಾಗಿಯೇ ಇತ್ತು, ಆದರೆ ತಂತಿ ಅದರಡಿಯಿಂದ ಜಾರುತ್ತಿತ್ತು.

ತಂತಿಗಳನ್ನು ಮೇಣದ ದಾರದಿಂದ ಕಂತೆ ಕಟ್ಟುತ್ತಿದ್ದವರು ಅತ್ತೆ. ಕಟ್ಟಿದ್ದು ಮಲ್ಲಿಗೆ ಮಾಲೆಯ ಗಂಟು: ಒತ್ತೊತ್ತಾಗಿ, ನೋಡಲು ಬಲು ಚೆಂದ. ಕುಲುಕಾಟಕ್ಕೆ ಬಾಗಲು ತಂತಿಗೆ ಎಳೆಯಷ್ಟೂ ಸಡಿಲವಿರಲಿಲ್ಲ, ಹಾಗಾಗಿ ತುದಿಯನ್ನೇ ಎಳೆದುಕೊಳ್ಳುತ್ತಿತ್ತು. ಇದನ್ನು ಹೆಂಡತಿಗೆ ಹೇಳುವುದು ಹೇಗೆಂದು ದಾರಿಯುದ್ದಕ್ಕೂ ಮಾವನವರು ಗಂಟಲು ಸರಿಮಾಡಿಕೊಳ್ಳುತ್ತಲೇ ಬಂದರು.

ಅತ್ತೆ ಕೇಳಿಸಿಕೊಂಡು ಪೆಟ್ಟಿಗೆಯೊಳಗೆ ಬಗ್ಗಿ ನೋಡಿದರು.

‘ಹೂವು ಸಡಿಲ ಬಿಟ್ರೆ ಉದುರತ್ತೆ. ಇದು ಬಿಗಿ ಮಾಡಿದ್ರೆ ಉದುರತ್ತಾ?’

‘ಜಡೆ ಅಷ್ಟೊಂದು ಅಲ್ಲಾಡಲ್ವಲ್ಲೇ.’

‘ನನ್ನ ಜಡೆ ನೀವು ಯಾವತ್ತು ನೋಡಿದ್ದೀರಿ’ ಎನ್ನುತ್ತ ಕತ್ತರಿ ತೆಗೆದುಕೊಂಡರು. ತಮ್ಮ ಗಂಟುಗಳನ್ನು ತಾವೇ ಕತ್ತರಿಸಿ, ಪ್ರತಿ ತಿರುವಿನಲ್ಲೂ ಬೆರಳು ತೂರುವಷ್ಟು ಜಾಗ ಬಿಟ್ಟು ಮತ್ತೆ ಕಟ್ಟಿದರು. ಕತ್ತಲಾಗುವ ಮೊದಲು ಅದೇ ಗಲ್ಲಿಯಲ್ಲಿ ಇನ್ನೊಂದು ಸುತ್ತು ಹಾಕಿದೆವು. ಬಲ್ಬು ಅಲುಗದೆ ಉರಿಯಿತು.

ಮರುದಿನ ಮಾವನವರು ಬರುವಾಗ ಮಧ್ಯಾಹ್ನ ಕಳೆದಿತ್ತು. ಬೋಗಿಯನ್ನು ಯಾರ್ಡಿನಲ್ಲಿ ಓಡಿಸಿ, ನಿಲ್ಲಿಸಿ, ಮತ್ತೆ ಓಡಿಸಿದರಂತೆ. ದೀಪ ಮಿಣುಕಲೇ ಇಲ್ಲವಂತೆ, ಆರ್ಡರು ನಮಗೇ ಅಂತೆ. ಅತ್ತೆ ತಟ್ಟೆ ಇಡುತ್ತ, ಗಂಟು ನೋಡಿ ರೈಲ್ವೆಯವರು ಏನೆಂದರು ಎಂದು ಕೇಳಿದರು.

‘ಮುಚ್ಚಳ ತೆಗೆಸಲೇ ಇಲ್ಲ. ದೀಪ ಉರೀತಾ ಇತ್ತಲ್ಲ, ಯಾಕೆ ತೆಗೆಸ್ತಾರೆ?’

‘ಅಷ್ಟು ಕಟ್ಟಿದ್ದು ಒಬ್ರೂ ನೋಡ್ಲಿಲ್ವೇ’ ಎಂದು ಅತ್ತೆ ಅನ್ನ ಬಡಿಸಿದರು.