ಕಾವಲಿಯ ಮೇಲಿನ ‘ಆ’

ಸಾಂತಾಕ್ರೂಜಿನಲ್ಲಿರುವ ಮಗಳ ಶಾಲೆಯಲ್ಲಿ ಇವತ್ತು ಟೀಚರಮ್ಮ ಬಣ್ಣದ ಮರಳಿನ ತಟ್ಟೆ ಹಿಡಿದು, ಕಣ್ಣು ಕಿವಿ ಬೆರಳು ಮೂರರಿಂದಲೂ ಇಂಗ್ಲಿಷ್ ಸ್ವರಾಕ್ಷರ ಕಲಿಸುವ ‘ಹೊಸ ಮೆಥಡ್’ ತೋರಿಸಿದರು. ಅಮ್ಮಂದಿರು ವಿಡಿಯೋ ಮಾಡಿದ್ದೇ ಮಾಡಿದ್ದು. ಏನು ಮಹಾ!

ನನ್ನಪ್ಪ ಫೋರ್ಟಿನ ಹೋಟೆಲಿನಲ್ಲಿ ದೋಸೆ ಹುಯ್ಯುತ್ತಿದ್ದವರು. ರಜೆಯ ದಿನ ಪರೇಲಿನ ಚಾಳಿನ ನಮ್ಮ ಕೋಣೆಯಲ್ಲಿ ಕಾದ ಕಾವಲಿಗೆ ನೀರು ಚಿಮುಕಿಸುತ್ತಿದ್ದರು. ಚುಂಯ್ ಎಂದು ತಕ್ಷಣ ಆರಿದರೆ ಅದು ಗಿಡ್ಡ ‘ಅ’. ಆಮೇಲೆ ಹಿಟ್ಟಿನಲ್ಲೇ ‘ಆ’ ಬರೆದು, “ಚುಂಯ್ ನಿಲ್ಲುವವರೆಗೆ ‘ಆ’ ಅಂತ ರಾಗ ಎಳೆ ಮಗಾ, ಇಲ್ಲದಿದ್ರೆ ತಿನ್ಲಿಕ್ಕಿಲ್ಲ” ಎನ್ನುತ್ತಿದ್ದರು. ಉಸಿರು ಮುಗಿಯುವವರೆಗೆ ಎಳೆದು, ಆ ಬಿಸಿ ಅಕ್ಷರವನ್ನೇ ತಿನ್ನುತ್ತಿದ್ದೆ. ಇವರು ಈಗ ಮರಳು ಹರಡಿ ಮೆರೆಯುತ್ತಾರೆ!

ಅದೇ ಗತ್ತಿನಲ್ಲಿ ಟೀಚರಮ್ಮನ ತಟ್ಟೆ ಎಳೆದುಕೊಂಡು, ಮರಳಿನಲ್ಲಿ ದೊಡ್ಡದಾಗಿ ‘ಆ’ ಬರೆದೆ.

ಮಗಳು ಬಗ್ಗಿ ನೋಡಿದಳು. “ಮಮ್ಮಾ, ಇದು ಏನು ಡ್ರಾಯಿಂಗ್?”